ಸಕ್ಕರೆ ಎಲ್ಲಿ ಹೋಯಿತು?

ನಮ್ಮ ಶಾಲೆಯ ಕಾಂಪೌಂಡ್ ಗೋಡೆಗೆ ಒಂದು ಬಳ್ಳಿ ಹಬ್ಬಿಕೊಂಡಿದೆ. ನೋಡುವುದಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ. ಎದುರುಬದುರಾಗಿ ಜೋಡಿಸಿಟ್ಟಂತಿರುವ ಸಣ್ಣ ಎಲೆಗಳು, ಗೊಂಚಲಾಗಿ ಬಿಡುವ ಪುಟ್ಟ ಹಳದಿ ಹೂಗಳು. ಹೆಸರು ಮಧುನಾಶಿನಿ. ವಿಮಾನಪುರದ ಧೂಳು, ಮಕ್ಕಳ ಚೆಂಡಿನ ಪೆಟ್ಟು, ತಲೆಯ ಮೇಲೆ ಗುಡುಗಿಕೊಂಡು ಹೋಗುವ ತೇಜಸ್ ವಿಮಾನದ ಸದ್ದು ಎಲ್ಲವನ್ನೂ ಸಹಿಸಿಕೊಂಡು ಅದು ಹಲವು ವರ್ಷಗಳಿಂದ ಬದುಕಿದೆ. ನಾನೇ ನೆಟ್ಟದ್ದು.

ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಈ ಬಳ್ಳಿಯ ಆಟ ತೋರಿಸುತ್ತೇನೆ. ಒಬ್ಬೊಬ್ಬರಿಗೂ ತೊಳೆದ ಒಂದೊಂದು ಎಲೆ. ಅದನ್ನು ಚೆನ್ನಾಗಿ ಅಗಿದು, ಒಂದು ನಿಮಿಷ ನಾಲಿಗೆಯ ಮೇಲೆ ಆಡಿಸಿ, ಉಗಿದು ಬಾಯಿ ಮುಕ್ಕಳಿಸಬೇಕು. ಆಮೇಲೆ ಒಂದು ಚಿಟಿಕೆ ಸಕ್ಕರೆ. ಸಕ್ಕರೆ ಬಾಯಿಗೆ ಬಿದ್ದ ಕೂಡಲೇ ಮಕ್ಕಳ ಮುಖ ನೋಡಬೇಕು! ಸಿಹಿಯೇ ಇಲ್ಲ. ಮರಳು ಅಗಿದ ಹಾಗೆ ಕರಕರ ಎನ್ನುತ್ತದೆ, ಅಷ್ಟೆ. ಉಪ್ಪು, ಹುಳಿ ಎಲ್ಲ ತಿಳಿಯುತ್ತದೆ. ಸಿಹಿ ಮಾತ್ರ ಮಾಯ. ಅರ್ಧ ಗಂಟೆಯೋ ಇನ್ನೂ ತುಸು ಹೆಚ್ಚೋ ಕಳೆದ ಮೇಲೆ ನಾಲಿಗೆ ಮೊದಲಿನಂತಾಗುತ್ತದೆ.

ಕಳೆದ ವರ್ಷ ಈ ಆಟದ ನಡುವೆ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಸಾಮಾನ್ಯವಾಗಿ ಮಾತನಾಡುವವಳಲ್ಲ. “ಸರ್, ಸಕ್ಕರೆ ಬಾಯಲ್ಲಿ ಇತ್ತಲ್ಲ, ಅದು ಎಲ್ಲಿ ಹೋಯಿತು?” ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಈ ಪ್ರಶ್ನೆಯನ್ನು ನಾನೊಮ್ಮೆ ಕೇಳಬೇಕಾಗಿತ್ತು, ಕೇಳಲಿಲ್ಲ. ಬಿಎಸ್ಸಿ, ಬಿಎಡ್ ಮಾಡಿ ಇಪ್ಪತ್ತು ವರ್ಷ ವಿಜ್ಞಾನ ಪಾಠ ಹೇಳಿದ ಮೇಲೂ ಕೇಳಲಿಲ್ಲ. ಅದಕ್ಕೆ ತೆತ್ತ ಬೆಲೆ ನನ್ನ ಎಡಗಾಲಿನ ಬೂಟಿನೊಳಗೆ ಇದೆ.

ಇದು 2014ರ ಮಾತು. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಒಂದು ವರ್ಷವಾಗಿತ್ತು. ವೈದ್ಯರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಆದರೆ ದಿನವೂ ಮಾತ್ರೆ ನುಂಗುವುದೆಂದರೆ ದಿನವೂ ‘ನೀನು ರೋಗಿ’ ಎಂದು ಯಾರೋ ಹೇಳಿದಂತೆ. ಹೀಗಿರುವಾಗ ಒಂದು ಭಾನುವಾರ ಹಲಸೂರು ಮಾರುಕಟ್ಟೆಗೆ ತರಕಾರಿಗೆಂದು ಹೋದವನು, ರಸ್ತೆ ಬದಿಯಲ್ಲಿ ಬೇರು ನಾರು ಹರಡಿಕೊಂಡು ಕುಳಿತಿದ್ದ ಒಬ್ಬಾತನ ಮುಂದೆ ನಿಂತೆ. ಅವನು ನನ್ನ ಕೈಗೆ ಒಂದು ಎಲೆ ಕೊಟ್ಟ. “ಅಗಿಯಿರಿ ಸಾರ್” ಎಂದ. ಆಮೇಲೆ ಸಕ್ಕರೆ ಕೊಟ್ಟ. ಸಿಹಿ ಇಲ್ಲ! “ನೋಡಿದಿರಾ? ಬಾಯಲ್ಲೇ ಸಕ್ಕರೆಯನ್ನು ಸುಟ್ಟುಹಾಕಿತು. ಇನ್ನು ರಕ್ತದಲ್ಲಿ ಬಿಡುತ್ತದೆಯೇ? ಬೆಟ್ಟದ ಮದ್ದು ಇದು” ಎಂದ.

ನಾನು ಪುಡಿಯ ಪೊಟ್ಟಣ ಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಿದೆ. ನಮ್ಮ ಕಾಲದಲ್ಲಿ ಅದು ತಿರುಗುಮುರುಗಾಗಿದೆ. ಗಿಡದ್ದು ಎಂದರೆ ಸಾಕು, ಯಾರ ಹಿತ್ತಲಿನದು ಎಂದು ಸಹ ಕೇಳದೆ ನಾವು ಅದನ್ನು ಮದ್ದೆಂದು ನಂಬುತ್ತೇವೆ. ಮೂರು ತಿಂಗಳು ನಾನು ಮಾತ್ರೆ ಬಿಟ್ಟು ಆ ಪುಡಿ ತಿಂದೆ. ಮನೆಯಾಕೆಗೆ ಹೇಳಲಿಲ್ಲ. ತೂಕ ಇಳಿಯಿತು. ‘ಪುಡಿ ಕೆಲಸ ಮಾಡುತ್ತಿದೆ’ ಎಂದುಕೊಂಡೆ. ಬಾಯಾರಿಕೆ ಹೆಚ್ಚಿತು; ಬೇಸಿಗೆ ಎಂದುಕೊಂಡೆ. ಚಪ್ಪಲಿ ಕಚ್ಚಿ ಕಿರುಬೆರಳಲ್ಲಿ ಆದ ಗಾಯ ಮಾಯಲಿಲ್ಲ. ನೋವಿರಲಿಲ್ಲವಾದ್ದರಿಂದ ಅದನ್ನು ಗಾಯವೆಂದೇ ಎಣಿಸಲಿಲ್ಲ. ನೋವಿಲ್ಲದಿರುವುದೇ ಅಪಾಯದ ಗುರುತು, ನರಗಳು ಸೋತಿರುವುದರ ಲಕ್ಷಣ ಎಂದು ಆಮೇಲೆ ತಿಳಿಯಿತು. ಜ್ವರ ಬಂದು ಆಸ್ಪತ್ರೆ ಸೇರಿದಾಗ ಖಾಲಿ ಹೊಟ್ಟೆಯ ಸಕ್ಕರೆ ಮುನ್ನೂರು ದಾಟಿತ್ತು. ಹನ್ನೊಂದು ದಿನ ಮಲಗಿದೆ. ಕಾಲು ಉಳಿಯಿತು. ಕಿರುಬೆರಳು ಉಳಿಯಲಿಲ್ಲ.

ಆ ಹನ್ನೊಂದು ದಿನ ಓದಲು ಬೇಕಾದಷ್ಟು ಹೊತ್ತಿತ್ತು. ಆಗ ತಿಳಿದ ಸಂಗತಿ ಇದು. ಮಧುನಾಶಿನಿಯಲ್ಲಿ ಜಿಮ್ನೆಮಿಕ್ ಆಮ್ಲಗಳೆಂಬ ವಸ್ತುಗಳಿವೆ. ನಾಲಿಗೆಯ ಮೇಲೆ ಸಿಹಿಯನ್ನು ಗುರುತಿಸುವ ಗ್ರಾಹಕಗಳಿವೆಯಷ್ಟೆ, ಈ ಆಮ್ಲಗಳು ಹೋಗಿ ಅಲ್ಲಿ ಕುಳಿತುಬಿಡುತ್ತವೆ. ಆಗ ಸಕ್ಕರೆ ಬಂದರೂ ಅದನ್ನು ಗುರುತಿಸುವವರಿಲ್ಲ. ಸಕ್ಕರೆ ನಾಶವಾಗಲಿಲ್ಲ, ಬಂದದ್ದು ನಾಲಿಗೆಗೆ ತಿಳಿಯಲಿಲ್ಲ. ಬಾಗಿಲಲ್ಲಿ ಕಾವಲುಗಾರ ಕಣ್ಣು ಮುಚ್ಚಿ ಕುಳಿತ, ಸಕ್ಕರೆ ಒಳಗೆ ಹೋಯಿತು. ಈ ಸೊಪ್ಪಿಗೆ ರಕ್ತದ ಸಕ್ಕರೆಯನ್ನು ತುಸು ತಗ್ಗಿಸುವ ಗುಣವೂ ಇದೆಯೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾತ್ರೆಯ ಬದಲಿಗೆ ಇದು ಸಾಕೆಂದು ಯಾವ ಅಧ್ಯಯನವೂ ಸ್ಥಾಪಿಸಿಲ್ಲ.

ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ನಾಚಿಸಿತು. ನಾನು ಬಿಟ್ಟ ಮಾತ್ರೆಯ ಹೆಸರು ಮೆಟ್ಫಾರ್ಮಿನ್. ಅದರ ಮೂಲವೂ ಒಂದು ಗಿಡವೇ! ಯೂರೋಪಿನ ಹೊಲಗಳಲ್ಲಿ ಬೆಳೆಯುವ ಗಲೀಗಾ ಎಂಬ ಗಿಡವನ್ನು ಅಲ್ಲಿನ ನಾಟಿ ವೈದ್ಯರು ಶತಮಾನಗಳ ಕಾಲ ಬಳಸಿದ್ದರು. ಹೆಚ್ಚು ತಿಂದ ಕುರಿಗಳು ಸಾಯುತ್ತಿದ್ದವು. ಅದರೊಳಗಿನ ವಸ್ತುವಿನ ಜಾಡು ಹಿಡಿದು ಹೊರಟ ರಸಾಯನಶಾಸ್ತ್ರ 1922ರಲ್ಲಿ ಮೆಟ್ಫಾರ್ಮಿನ್ ಅನ್ನು ತಯಾರಿಸಿತು. 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನು ರೋಗಿಗಳಲ್ಲಿ ಬಳಸಿ ಫಲಿತಾಂಶ ಪ್ರಕಟಿಸಿದರು. ಅಮೆರಿಕದಲ್ಲಿ ಬಳಕೆಗೆ ಬರುವ ಹೊತ್ತಿಗೆ 1995 ಆಗಿತ್ತು. ಅಂದರೆ ನಾನು ಗಿಡವನ್ನು ನಂಬಿ ಕೆಮಿಕಲ್ ಬಿಟ್ಟವನಲ್ಲ. ಅಳತೆ ಮಾಡಿದ ಗಿಡವನ್ನು ಬಿಟ್ಟು ಅಳತೆಯಿಲ್ಲದ ಗಿಡ ಹಿಡಿದವನು. ಗಿಡದಲ್ಲಿ ತಪ್ಪಿರಲಿಲ್ಲ. ಯಾರಿಗೆ, ಎಷ್ಟು, ಎಷ್ಟು ದಿನ ಎಂದು ಕೇಳದವನಲ್ಲಿ ಇತ್ತು.

ಕಾಲು ವಾಸಿಯಾದ ಮೇಲೆ ‘ಬೆಟ್ಟದ ಮದ್ದು’ ಎಂಬ ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಬೆಟ್ಟದವರು ನಿಜವಾಗಿ ಏನು ಹೇಳುತ್ತಾರೆ? ನೋಡಿಕೊಂಡು ಬರೋಣವೆಂದು 2016ರ ಜನವರಿಯಲ್ಲಿ ಮೂವತ್ತು ಮಕ್ಕಳೊಡನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟೆ.

ಆ ಬೆಟ್ಟವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ನಮ್ಮ ವಿಮಾನಪುರದ ಮಗ್ಗುಲಲ್ಲೇ ಯಮಲೂರು ಎಂಬ ಊರಿದೆ. ಈಗ ಅದು ಸಾಫ್ಟ್‌ವೇರ್ ಕಚೇರಿಗಳ ನಡುವೆ ಕಳೆದುಹೋಗಿದೆ. ಡಾ. ಎಚ್. ಸುದರ್ಶನ್ 1950ರಲ್ಲಿ ಹುಟ್ಟಿದ್ದು ಅಲ್ಲಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಆ ಹುಡುಗ ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯನಾಗಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿದರು. 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂತು. ಆಸ್ಪತ್ರೆ, ಶಾಲೆ, ಸೋಲಿಗರ ಹೆಣ್ಣುಮಕ್ಕಳಿಗೇ ದಾದಿಯರ ತರಬೇತಿ ಇವೆಲ್ಲ ಒಂದು ಕಡೆ. ಜೊತೆಗೆ ಸೋಲಿಗರ ಸೊಪ್ಪು ಬೇರುಗಳ ತಿಳಿವಳಿಕೆಯನ್ನು ಮೂಢನಂಬಿಕೆ ಎಂದು ತಳ್ಳದೆ ಗೌರವದಿಂದ ನೋಡಿದ್ದು ಇನ್ನೊಂದು ಕಡೆ. ಎರಡೂ ಒಂದೇ ಅಂಗಳದಲ್ಲಿ ಇರಬಹುದೆಂದು ತೋರಿಸಿದ ಜಾಗ ಅದು.

ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟಿ, ಯಳಂದೂರಿನಿಂದ ಬೆಟ್ಟ ಹತ್ತುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಸೋಲಿಗರು ತಮ್ಮ ಹಾಡಿಯನ್ನು ಪೋಡು ಎನ್ನುತ್ತಾರೆ. ಬೆಟ್ಟದ ರಂಗನಾಥಸ್ವಾಮಿ ಅವರಿಗೆ ದೇವರು ಮಾತ್ರವಲ್ಲ, ಭಾವ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು ಎಂಬುದು ಅವರ ನಂಬಿಕೆ. ಒಂದು ಪೋಡಿನಲ್ಲಿ, ಮದ್ದು ಬಲ್ಲವರೆಂದು ಊರೆಲ್ಲ ಹೇಳುವ ಹಿರಿಯರೊಬ್ಬರ ಜಗಲಿಯಲ್ಲಿ ಕುಳಿತೆವು. ನಾನು ನೇರವಾಗಿ ಕೇಳಿದೆ: “ಅಜ್ಜಾ, ಸಕ್ಕರೆ ಕಾಯಿಲೆಗೆ ಮಧುನಾಶಿನಿ ಕೊಡುತ್ತೀರಾ?”

ಅವರು ಉತ್ತರ ಕೊಡಲಿಲ್ಲ. ಬದಲಿಗೆ ಪ್ರಶ್ನೆ ಕೇಳಿದರು. “ಯಾರ್ಗ ಸ್ವಾಮಿ?”

“ಯಾರಿಗಾದರೂ ಸರಿ.”

“ಯಾರ್ಗಾದ್ರೂ ಅಂದ್ರ ಮದ್ದಿಲ್ಲ ಸ್ವಾಮಿ. ಆಳ ಕಾಣ್ಬೇಕು, ನಾಡಿ ಹಿಡೀಬೇಕು, ಏನುಣ್ತಾನ ಕೇಳ್ಬೇಕು. ಆಮ್ಯಾಕ ಮದ್ದು.” ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ನಿಮ್ಗಾ?” ನಾನು ತಲೆಯಾಡಿಸಿದೆ. ಅವರು ನನ್ನ ಕಾಲಿನ ಕಡೆ ನೋಡಿದರು. ನಾನು ಕುಂಟುವುದನ್ನು ಅಂಗಳಕ್ಕೆ ಬರುವಾಗಲೇ ಗಮನಿಸಿದ್ದರೆಂದು ಕಾಣುತ್ತದೆ. “ಆಸ್ಪತ್ರೆ ಗುಳಿಗೆ ಬುಡ್ಬ್ಯಾಡಿ. ನಾನೂ ಬುಟ್ಟಿಲ್ಲ” ಎಂದು ಜಗಲಿಯ ಗೂಡಿನಿಂದ ತಮ್ಮ ರಕ್ತದೊತ್ತಡದ ಮಾತ್ರೆಯ ಹಾಳೆ ತೆಗೆದು ತೋರಿಸಿದರು! ಮಕ್ಕಳು ಗೊಳ್ಳೆಂದು ನಕ್ಕರು. ಅಜ್ಜನೂ ನಕ್ಕರು. ಪೇಟೆಯ ಮಾರಾಟಗಾರ ನನಗೆ ಕೇಳದಿದ್ದ ‘ಯಾರಿಗೆ’ ಎಂಬ ಪ್ರಶ್ನೆಯನ್ನು ಬೆಟ್ಟದ ವೈದ್ಯ ಮೊದಲ ಮಾತಿನಲ್ಲೇ ಕೇಳಿದ್ದರು.

ಮಾರನೆಯ ದಿನ ಅಜ್ಜ ನಮ್ಮನ್ನು ಪೋಡಿನ ಅಂಚಿನ ನೆಲ್ಲಿಮರಗಳ ಬಳಿ ಕರೆದೊಯ್ದರು. ಅದೇ ‘ಎಷ್ಟು’ ಎಂಬ ಪ್ರಶ್ನೆ ಅಲ್ಲಿ ಇನ್ನೊಂದು ರೂಪದಲ್ಲಿ ಎದುರಾಯಿತು. ಮರದ ಕಾಯಿಯನ್ನೆಲ್ಲ ಕೀಳುವುದಿಲ್ಲ. ಜಿಂಕೆಗಳಿಗೆ ಒಂದಷ್ಟು, ಸಸಿಯಾಗಲು ಒಂದಷ್ಟು ಬಿಡಬೇಕು. ಜೇನು ಇಳಿಸುವಾಗಲೂ ಹಾಗೆಯೇ, ಹಲ್ಲೆಯ ಒಂದು ಪಾಲು ಬಿಡಬೇಕು. ಒಂದು ಮರದ ಕೊಂಬೆಯಲ್ಲಿ ಬಂದಳಿಕೆ ಬೆಳೆದಿತ್ತು. ಅವರು ಅದನ್ನು ಉಪ್ಪಿಲು ಎನ್ನುತ್ತಾರೆ. ಮರದ ರಸ ಹೀರಿ ಬದುಕುವ ಗಿಡ ಅದು. “ಕಾಯ್ ಕೀಳಾಕ ಹತ್ದಾಗ ಉಪ್ಪಿಲು ಇರೋ ಕೊಂಬ ಕಡಿತಿದ್ದೊ. ಕೀಳ್ಬ್ಯಾಡಿ ಅಂದ್ರು. ಉಪ್ಪಿಲು ಉಳೀತು” ಎಂದರು.

ಅವರು ಹೇಳಿದ್ದು ಆ ಬೆಟ್ಟದ ಇತ್ತೀಚಿನ ಚರಿತ್ರೆ. 1974ರಲ್ಲಿ ಅದು ವನ್ಯಜೀವಿಧಾಮವಾಯಿತು. ಜಾಗ ಬದಲಿಸುತ್ತ ಮಾಡುತ್ತಿದ್ದ ಸೋಲಿಗರ ಬೇಸಾಯ ನಿಂತಿತು; ಒಂದೆಡೆ ನೆಲೆನಿಂತ ಪೋಡುಗಳಾದವು. ಒಣ ದಿನಗಳ ಆರಂಭದಲ್ಲಿ ಅವರು ಹಾಕುತ್ತಿದ್ದ ತರಗೆಲೆಯ ಸಣ್ಣ ಬೆಂಕಿ, ‘ತರಗು ಬೆಂಕಿ’, ಅದೂ ನಿಂತಿತು. 2004ರ ಹೊತ್ತಿಗೆ ಮಾರಾಟಕ್ಕಾಗಿ ನೆಲ್ಲಿ, ಜೇನು ಸಂಗ್ರಹಿಸುವುದಕ್ಕೂ ನಿಷೇಧ ಬಂತು. ಕಾಡು ಉಳಿಯಲೆಂಬ ಉದ್ದೇಶ ಕೆಟ್ಟದ್ದಲ್ಲ. ಆದರೆ ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ವಿಜ್ಞಾನಿಗಳು ಬಂದಳಿಕೆ ಹತ್ತಿದ ನೆಲ್ಲಿಮರಗಳಲ್ಲಿ ಕಾಯಿ ಕಡಿಮೆ ಎಂದು ಅಳೆದು ಹೇಳಿದರು. 1997 ಮತ್ತು 2008ರ ಸಮೀಕ್ಷೆಗಳ ನಡುವೆ ಲಂಟಾನ ಪೊದೆ ಸುಮಾರು ಇಮ್ಮಡಿ ಜಾಗಗಳಿಗೆ ಹಬ್ಬಿತ್ತು. ಸಣ್ಣ ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಸೋಲಿಗರು ಹೇಳುತ್ತಾರೆ. ಬೆಂಕಿ ಎಷ್ಟು, ಯಾವಾಗ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇದೆ. ಆದರೆ ಬೆಟ್ಟದಲ್ಲಿ ಹುಟ್ಟಿ ಬೆಳೆದವರನ್ನು ಆ ಚರ್ಚೆಗೆ ಕರೆದದ್ದು ತಡವಾಗಿ ಎನ್ನುವುದಂತೂ ನಿಜ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿಯ ಕಾಡಿನಲ್ಲಿ ಹೀಗೆ ಹಕ್ಕು ಪಡೆದವರಲ್ಲಿ ದೇಶದಲ್ಲೇ ಸೋಲಿಗರು ಮೊದಲಿಗರು.

ಅಜ್ಜನ ಹೊಲವೂ ಒಂದು ಪಾಠದಂತಿತ್ತು. ಕೊಯ್ದ ರಾಗಿಯ ಕೂಳೆಯ ನಡುವೆ ಅವರೆ, ತೊಗರಿ, ಸಾಸಿವೆ, ಬದುವಿನಲ್ಲಿ ಕುಂಬಳ. ಮೇಲಿನ ಇಳಿಜಾರಿನಲ್ಲಿ ಮರಗಳ ನೆರಳಿನಡಿ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಊಟಕ್ಕಾಗುತ್ತದೆ. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಇಳಿಜಾರಿನ ಮಣ್ಣನ್ನು ಮರದ ಬೇರು ಹಿಡಿದಿಡುತ್ತದೆ. ನಾನು ಕಪ್ಪುಹಲಗೆಯ ಮೇಲೆ ಬರೆದು ಹೇಳುವ ಪಾಠ ಅಲ್ಲಿ ಮೊಳಕಾಲೆತ್ತರ ಬೆಳೆದು ನಿಂತಿತ್ತು.

ಬರುವಾಗ ನಮ್ಮ ಹುಡುಗನೊಬ್ಬ ಮಾಗಳಿ ಬೇರು ಕೇಳಿದ. ಅವನ ಅಜ್ಜಿಗೆ ಅದರ ಉಪ್ಪಿನಕಾಯಿ ಪ್ರಾಣವಂತೆ. ಪರಿಮಳದ ಬೇರು ಅದು. ಅದರ ಘಮಕ್ಕೆ ಕಾರಣವಾದ ವಸ್ತು ವೆನಿಲ್ಲಾದ ವೆನಿಲಿನ್‌ಗೆ ಒಡಹುಟ್ಟು. ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ಅಜ್ಜ ತಲೆಯಾಡಿಸಿಬಿಟ್ಟರು. ಕಾಯಿ ಕಿತ್ತರೆ ಮರ ಉಳಿಯುತ್ತದೆ. ಬೇರು ಅಗೆದರೆ ಉಳಿಯುವುದೇನು? ಒಂದಷ್ಟು ಬೇರು ಮಣ್ಣಿನಲ್ಲಿ ಬಿಟ್ಟರೆ ಬಳ್ಳಿ ಮತ್ತೆ ಚಿಗುರೀತು. ಪೇಟೆಯ ಬೇಡಿಕೆಗೆ ಆ ತಾಳ್ಮೆ ಇಲ್ಲ. ನಮ್ಮ ಊಟದ ತಟ್ಟೆಯ ಒಂದು ತುಂಡು ಉಪ್ಪಿನಕಾಯಿಗಾಗಿ ಬೆಟ್ಟದ ಬಂಡೆಗಳ ಸಂದಿಯ ಒಂದು ಬಳ್ಳಿಯೇ ಹೋಗುತ್ತದೆ ಎಂಬುದು ನನಗೆ ಅಂದೇ ಹೊಳೆದದ್ದು. ಅತಿಯಾದರೆ ಅಮೃತವೂ ವಿಷ ಎನ್ನುತ್ತೇವೆ. ತಿನ್ನುವವನಿಗಷ್ಟೇ ಅಲ್ಲ, ಕೊಡುವ ಬೆಟ್ಟಕ್ಕೂ ಆ ಮಾತು ಸಲ್ಲುತ್ತದೆ.

ಹೊರಡುವ ಮುನ್ನ ಅಜ್ಜನ ಸೊಸೆ ಒಂದು ಮಾತು ಹೇಳಿದರು. ಮಗಳ ಮದುವೆಗೆ ಮೊದಲು ಹುಡುಗ ಹುಡುಗಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸುತ್ತಾರಂತೆ. ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಇದೆ. ರಕ್ತದ ಕೆಂಪು ಕಣಗಳು ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾಗದ ನೋವು ಕೊಡುತ್ತವೆ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1952ರಲ್ಲಿ, ಇದೇ ಬೆಟ್ಟಸಾಲಿನ ನೆರೆಯ ನೀಲಗಿರಿಯ ಗುಡ್ಡಗಾಡು ಜನರಲ್ಲಿ. ತಂದೆ ತಾಯಿ ಇಬ್ಬರೂ ಈ ವಂಶವಾಹಿಯ ವಾಹಕರಾಗಿದ್ದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದರ ನಿರ್ಮೂಲನಕ್ಕೆಂದೇ ರಾಷ್ಟ್ರೀಯ ಅಭಿಯಾನ ಆರಂಭಿಸಿದೆ. “ಇದಕ ಬೇರು ನಾರಿಲ್ಲ ಸಾ, ರಕ್ತ ತೆಗ್ಸೋದೇಯ” ಎಂದರು ಆಕೆ. ನೂರಾರು ಸೊಪ್ಪು ಬೇರು ಬಲ್ಲ ಮನೆಯ ಹೆಣ್ಣುಮಗಳ ಮಾತು ಇದು. ಯಾವುದಕ್ಕೆ ಸೊಪ್ಪು ಸಾಲದು ಎಂಬುದೂ ಅವರ ಗಿಡಮೂಲಿಕೆಯ ತಿಳಿವಳಿಕೆಯಲ್ಲಿ ಸೇರಿತ್ತು. ನಾವು ಪೇಟೆಯವರು ಅವರಿಂದ ಎಲೆಯನ್ನು ಮಾತ್ರ ತಂದೆವು. ಜೊತೆಗಿದ್ದ ಎಚ್ಚರವನ್ನು ಅಲ್ಲೇ ಬಿಟ್ಟೆವು.

ಬೆಂಗಳೂರಿಗೆ ಮರಳಿದ ಮೇಲೆ ನರ್ಸರಿಯಿಂದ ಒಂದು ಮಧುನಾಶಿನಿ ಸಸಿ ತಂದು ಶಾಲೆಯ ಗೋಡೆಯ ಬುಡದಲ್ಲಿ ನೆಟ್ಟೆ. ಅದೇ ಈ ಬಳ್ಳಿ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. “ಸಕ್ಕರೆ ಎಲ್ಲಿ ಹೋಯಿತು?” ನಾನು ಬಾಯಿಮಾತಿನ ಉತ್ತರ ಕೊಡಲಿಲ್ಲ. ಒಂದು ಲೋಟ ನೀರಿಗೆ ಗ್ಲೂಕೋಸ್ ಪುಡಿ ಕಲಸಿ, ಎಲೆ ಅಗಿದಿದ್ದ ಅವಳಿಗೇ ಒಂದು ಗುಟುಕು ಕೊಟ್ಟೆ. “ಸಪ್ಪೆ ನೀರು ಸರ್” ಎಂದಳು. ಲೋಟದಲ್ಲಿ ಉಳಿದ ಅದೇ ನೀರನ್ನು ಪ್ರನಾಳಕ್ಕೆ ಹಾಕಿ, ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣ ಬೆರೆಸಿ, ಬಿಸಿನೀರಿನಲ್ಲಿಟ್ಟೆ. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆ ಕೆಂಪಾಯಿತು. ಸಕ್ಕರೆ ಅಲ್ಲೇ ಇತ್ತು. ನಾಲಿಗೆ ಇಲ್ಲವೆಂದದ್ದನ್ನು ಪ್ರನಾಳ ಇದೆ ಎಂದಿತು. ತರಗತಿ ಸದ್ದಿಲ್ಲದೆ ನೋಡುತ್ತಿತ್ತು.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳು ಮೇಜಿನ ಬಳಿ ನಿಂತಳು. “ಸರ್, ನಮ್ಮಪ್ಪ ಮಾತ್ರೆ ನಿಲ್ಲಿಸಿ ಇದರ ಪುಡಿ ತಿನ್ನುತ್ತಿದ್ದಾರೆ. ಅಮ್ಮನಿಗೆ ಹೇಳಬೇಡ ಅಂದಿದ್ದಾರೆ” ಎಂದಳು.

ಆ ಶನಿವಾರ ಪೋಷಕರ ಸಭೆಯಿತ್ತು. ಅವಳ ತಂದೆ ಬಂದಿದ್ದರು. ನನ್ನ ವಯಸ್ಸಿನವರಲ್ಲ, ನಲವತ್ತರ ಆಸುಪಾಸು. ಮಗಳ ಅಂಕಗಳ ಬಗ್ಗೆ ಮಾತಾಯಿತು. ಆಮೇಲೆ ಕೋಣೆಯ ಬಾಗಿಲು ಎಳೆದುಕೊಂಡು, ಹತ್ತು ವರ್ಷಗಳಲ್ಲಿ ಶಾಲೆಯಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದೆ. ಎಡಗಾಲಿನ ಬೂಟು, ಕಾಲುಚೀಲ ಬಿಚ್ಚಿ ಅವರಿಗೆ ತೋರಿಸಿದೆ. “ನಾನೂ ಮೂರು ತಿಂಗಳು ಅದೇ ಪುಡಿ ತಿಂದೆ” ಎಂದೆ. ಉಪದೇಶ ಮಾಡಲಿಲ್ಲ. ಪುಡಿ ತಿನ್ನಲೇಬೇಕೆಂದಿದ್ದರೆ ಪೊಟ್ಟಣವನ್ನು ವೈದ್ಯರ ಮುಂದಿಟ್ಟು ಕೇಳಿ, ಮಾತ್ರೆಯೊಡನೆ ಸೇರಿದರೆ ಸಕ್ಕರೆ ತೀರಾ ಇಳಿಯಲೂಬಹುದು, ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ ಎಂದಷ್ಟೇ ಹೇಳಿದೆ. ಅವರು ಬಹಳ ಹೊತ್ತು ನನ್ನ ಕಾಲನ್ನೇ ನೋಡುತ್ತ ಕುಳಿತಿದ್ದರು.

ಸೋಮವಾರ ಹುಡುಗಿ ಬಂದು, “ಅಪ್ಪ ರಕ್ತ ಪರೀಕ್ಷೆಗೆ ಹೋಗಿದ್ದರು ಸರ್. ಅಮ್ಮನೂ ಜೊತೆಗೆ ಹೋಗಿದ್ದರು” ಎಂದಳು. ಇಷ್ಟು ಹೇಳಿ ತನ್ನ ಜಾಗಕ್ಕೆ ಹೋಗಿ ಕುಳಿತು ಪುಸ್ತಕ ತೆರೆದಳು.